ಲಾರಿ ಬ್ಯಾಟರಿ: ಸಂರಕ್ಷಣೆ ಮತ್ತು ಸುರಕ್ಷತೆ

ಕಬ್ಬು, ಬೆಲ್ಲ ಹಾಗೂ ಭತ್ತದ ಸಾಗಾಣಿಕೆಯನ್ನು ಅವಲಂಬಿಸಿರುವ ಮಂಡ್ಯ ಸೀಮೆಯಲ್ಲಿ ಲಾರಿಗಳ ದುಡಿಮೆ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲಿರುಳು ಓಡಿದ ವಾಹನಗಳು ನಂತರ ಗುತ್ತಲು, ಮದ್ದೂರು, ಮಳವಳ್ಳಿಗಳಲ್ಲಿ ವಾರಗಟ್ಟಲೆ ನಿಲ್ಲುವುದುಂಟು. ಬ್ಯಾಟರಿಗೆ ಹಾನಿಯಾಗುವುದು ಬಹುಮಟ್ಟಿಗೆ ಈ ಬಿಡುವಿನಲ್ಲಿಯೇ; ಅದು ತಿಳಿದುಬರುವುದು ಮಾತ್ರ ಸರಕು ಹೇರಿ ಹೊರಡುವ ದಿನ.

ಬಳಸದೆ ಇಟ್ಟ ಸೀಸ-ಆಮ್ಲ ಬ್ಯಾಟರಿಯು ತಾನಾಗಿಯೇ ಶಕ್ತಿ ಕಳೆದುಕೊಳ್ಳುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ನಷ್ಟದ ವೇಗ ಸುಮಾರು ಇಮ್ಮಡಿಯಾಗುತ್ತದೆ. ಆಗ ಫಲಕಗಳ ಮೇಲೆ ಕೂಡುವ ಸೀಸದ ಸಲ್ಫೇಟ್ ಕ್ರಮೇಣ ಗಟ್ಟಿಯಾಗಿ, ಮತ್ತೆಷ್ಟು ಚಾರ್ಜ್ ಮಾಡಿದರೂ ಕರಗದಂತಾಗುತ್ತದೆ. ಆದುದರಿಂದ ನಿಂತ ಲಾರಿಯ ನೆಗೆಟಿವ್ ತಂತಿಯನ್ನು ಕಳಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸುವುದು ಲೇಸು. ಪೂರ್ಣ ಚಾರ್ಜ್ ಆಗಿ ಕೆಲಗಂಟೆ ವಿಶ್ರಮಿಸಿದ 12 ವೋಲ್ಟ್ ಬ್ಯಾಟರಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಬೇಕು; 12.4ಕ್ಕಿಂತ ಕೆಳಗಿಳಿದರೆ ತಡಮಾಡಬಾರದು.

ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. ಟೇಪ್‌ರೆಕಾರ್ಡರಿಗೋ ಮೊಬೈಲ್ ಚಾರ್ಜರಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತಂತಿ ಎಳೆಯುವ ಅಭ್ಯಾಸ ಮೇಲ್ನೋಟಕ್ಕೆ ನಿರುಪದ್ರವಿ. ಆದರೆ ಎರಡಕ್ಕೂ ಒಂದೇ ಪ್ರಮಾಣದ ವಿದ್ಯುತ್ ಹರಿಯುವುದರಿಂದ, ತಂತಿ ಎಳೆದ ಬ್ಯಾಟರಿ ಎಂದೂ ಪೂರ್ಣ ತುಂಬುವುದಿಲ್ಲ. ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಒಂದು ಸಣ್ಣ ತಂತಿಯಿಂದ ಎರಡು ಬ್ಯಾಟರಿಗಳಿಗೂ ಕುತ್ತು. 24ರಿಂದ 12ಕ್ಕೆ ಇಳಿಸುವ ಪರಿವರ್ತಕವನ್ನು ಅಳವಡಿಸಿದರೆ ಈ ತೊಂದರೆಯಿಲ್ಲ. ಇದೇ ಕಾರಣದಿಂದ, ಹಳೆಯದರೊಡನೆ ಹೊಸದೊಂದನ್ನು ಜೊತೆಗೂಡಿಸುವುದೂ ಉಳಿತಾಯವೆನಿಸದು.

ನೀರಿನ ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕತಕ್ಕದ್ದು. ಕೊಳವೆಬಾವಿಯ ಗಡಸು ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಆವಿಯಾಗುವುದು ನೀರೇ ಹೊರತು ಆಮ್ಲವಲ್ಲವಾದ್ದರಿಂದ ಆಮ್ಲ ಸೇರಿಸುವುದು ತಪ್ಪು.

ಇವೆಲ್ಲ ಹಣದ ನಷ್ಟದ ಮಾತಾಯಿತು. ಪ್ರಾಣಾಪಾಯವಿರುವುದು ಜಲಜನಕದಲ್ಲಿ. ಚಾರ್ಜ್ ಆಗುವಾಗ ಹೊರಬರುವ ಈ ಅನಿಲ, ಗಾಳಿಯಲ್ಲಿ ಶೇಕಡ 4ರಷ್ಟಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ರಾತ್ರಿ ಬೆಂಕಿಕಡ್ಡಿ ಗೀರಿ ನೀರಿನ ಮಟ್ಟ ನೋಡುವುದು, ಬೀಡಿ ಸೇದುತ್ತ ಮುಚ್ಚಳ ತೆಗೆಯುವುದು, ಸ್ಪ್ಯಾನರಿನಿಂದ ಎರಡೂ ಟರ್ಮಿನಲ್‌ಗಳನ್ನು ಮುಟ್ಟಿಸಿ ಕಿಡಿ ನೋಡಿ ‘ಜೀವ ಇದೆಯೇ’ ಎಂದು ಪರೀಕ್ಷಿಸುವುದು, ಇವು ಮೂರೂ ಬ್ಯಾಟರಿ ಸಿಡಿಯಲು ಸಾಕು. ಚಾರ್ಜಿಂಗ್ ಕೋಣೆಗೆ ಗಾಳಿಯಾಡುವ ಕಿಟಕಿಗಳಿರಬೇಕು. ನೆಗೆಟಿವ್ ಭೂಸಂಪರ್ಕವಿರುವ ವಾಹನಗಳಲ್ಲಿ ಬಿಚ್ಚುವಾಗ ನೆಗೆಟಿವ್ ತಂತಿಯನ್ನು ಮೊದಲು ತೆಗೆದು, ಜೋಡಿಸುವಾಗ ಕೊನೆಗೆ ಹಾಕಬೇಕು. ಆಗ ಸ್ಪ್ಯಾನರ್ ಚಾಸಿಗೆ ತಗುಲಿದರೂ ಕಿಡಿ ಹಾರದು. ಕನ್ನಡಕ, ರಬ್ಬರ್ ಕೈಗವಸುಗಳ ವೆಚ್ಚ ಅಲ್ಪವೇ. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು, ವಿಳಂಬವಿಲ್ಲದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಹಳೆಯ ಬ್ಯಾಟರಿಗಳ ವಿಲೇವಾರಿಗೆ 2001ರ ನಿಯಮಗಳ ಸ್ಥಾನದಲ್ಲಿ ಈಗ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಯಲ್ಲಿವೆ. ಇವುಗಳನ್ವಯ ಬಳಕೆದಾರರು ಅವನ್ನು ಇತರ ಕಸದೊಡನೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗಳಿಗೆ ಒಪ್ಪಿಸಬೇಕು. ಆಮ್ಲವನ್ನು ಚರಂಡಿಗೆ ಸುರಿದು ಸೀಸವನ್ನು ಹಿತ್ತಲಲ್ಲಿ ಕರಗಿಸುವವರು ತುಸು ಹೆಚ್ಚು ಬೆಲೆ ಕೊಟ್ಟರೂ, ಆ ವಿಷ ಸೇರುವುದು ಅದೇ ಊರಿನ ಮಣ್ಣಿಗೆ, ಬಾವಿಗೆ.