ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಮಾತು ಬಂದಾಗಲೆಲ್ಲ ಬೀದರ್ ಜಿಲ್ಲೆಯ ಹಿರಿಯರು ಒಂದು ಸಂಗತಿಯನ್ನು ತಪ್ಪದೆ ನೆನೆಯುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ ಅವರು ನಡೆಸುತ್ತಿದ್ದ ಶಾಲೆಯ ಹೊರಗೆ ಉರ್ದು ಫಲಕ ತೂಗುತ್ತಿತ್ತು. ಒಳಗೆ ಮಕ್ಕಳು ಕನ್ನಡದ ಅಕ್ಷರ ತಿದ್ದುತ್ತಿದ್ದರು. ಆಗ ಔರಾದ್ ಭಾಗಕ್ಕೆ ಸೇರಿದ್ದ, ಈಗ ತಾನೇ ಒಂದು ತಾಲ್ಲೂಕಾಗಿರುವ ಕಮಲನಗರದಲ್ಲೂ ಭಾಲ್ಕಿಯಲ್ಲೂ ಈ ಮಾತು ಮನೆಮಾತಾಗಿದೆ. 1999ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಲಿಂಗೈಕ್ಯರಾದ ಪಟ್ಟದ್ದೇವರು ಕನ್ನಡಕ್ಕೆ ಮಾಡಿದ ಸೇವೆಯ ಉದಾಹರಣೆಯಾಗಿ ಇದನ್ನು ಹೇಳುವುದು ವಾಡಿಕೆ.

ಆದರೆ ಇದು ಕನ್ನಡಾಭಿಮಾನದ ಕಥೆ ಮಾತ್ರವಲ್ಲ. ಮೂಲಭೂತ ಹಕ್ಕು ಎಂದರೇನು, ಅದು ಇಲ್ಲದಿದ್ದಾಗ ಬದುಕು ಹೇಗಿರುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಸರಳವಾದ ಪಾಠ ಸಿಗುವುದು ಕಷ್ಟ.

ಅನುಮತಿಯ ಕಾಲ

ಹೈದರಾಬಾದ್ ಸಂಸ್ಥಾನದ ಪ್ರಜೆಗಳಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡ. ಆದರೆ ಕಚೇರಿ, ಕೋರ್ಟುಗಳ ವ್ಯವಹಾರವೆಲ್ಲ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಇಂಗ್ಲಿಷ್ ಬಿಟ್ಟು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಸಾಹಸವೇ ಸರಿ. ಆದರೆ ಹಳ್ಳಿಯ ಕನ್ನಡ ಮಗುವಿಗೆ ಅದರಿಂದ ಆದ ಪ್ರಯೋಜನ ಕಡಿಮೆ.

1920ರ ದಶಕದಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆ ಸೇರಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗಿತ್ತು. ಖಾಸಗಿ ಶಾಲೆ ತೆರೆಯಲೂ ಸರಕಾರದ ಒಪ್ಪಿಗೆ ಬೇಕಾಗಿತ್ತು. ಕನ್ನಡ ಮಾತನಾಡಬಾರದೆಂದು ಯಾರೂ ಹೇಳಲಿಲ್ಲ. ಆದರೆ ನಾಲ್ಕು ಜನ ಕೂಡಿ ಸಭೆ ನಡೆಸುವುದು, ನಾಲ್ಕು ಮಕ್ಕಳನ್ನು ಕೂಡಿಸಿ ಪಾಠ ಹೇಳುವುದು ಅಧಿಕಾರಿಯ ಮರ್ಜಿಗೆ ಬಿಟ್ಟ ವಿಷಯವಾಯಿತು. ಕೊಟ್ಟರೆ ಉಪಕಾರ, ಕೊಡದಿದ್ದರೆ ಕೇಳುವಂತಿಲ್ಲ. ಹಕ್ಕಿಗೂ ಅನುಮತಿಗೂ ಇರುವ ವ್ಯತ್ಯಾಸ ಇದೇ. ಫಲಕದ ಉಪಾಯ ಹುಟ್ಟಿಕೊಂಡದ್ದು ಇಂಥ ಇಕ್ಕಟ್ಟಿನಲ್ಲಿ.

1950ರಲ್ಲಿ ಬದಲಾದದ್ದು

1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ರಂದು ನಿಜಾಮರ ಶರಣಾಗತಿಯೊಂದಿಗೆ ಮುಗಿಯಿತು. 1949ರ ನವೆಂಬರ್ 23ರಂದು ನಿಜಾಮರು ಭಾರತದ ಸಂವಿಧಾನವನ್ನು ಒಪ್ಪಿ ಫರ್ಮಾನು ಹೊರಡಿಸಿದರು. 1950ರ ಜನವರಿ 26ರಿಂದ ಸಂವಿಧಾನವು ಬೀದರ್ ಕೋಟೆಯ ಒಳಗೂ ಹೊರಗೂ ಸಮಾನವಾಗಿ ಜಾರಿಗೆ ಬಂತು.

ಸಂವಿಧಾನದ ಮೂರನೇ ಭಾಗದಲ್ಲಿ ಮೂಲಭೂತ ಹಕ್ಕುಗಳಿವೆ. ಸಭೆಗೆ ಅನುಮತಿ ಬೇಡಿದ್ದ ಜನರಿಗೆ 19ನೇ ವಿಧಿ ಮಾತಿನ, ಶಾಂತಿಯುತವಾಗಿ ಸಭೆ ಸೇರುವ, ಸಂಘ ಕಟ್ಟುವ ಸ್ವಾತಂತ್ರ್ಯ ಕೊಟ್ಟಿತು. ತಮ್ಮದೇ ಆದ ಭಾಷೆ, ಲಿಪಿ ಅಥವಾ ಸಂಸ್ಕೃತಿ ಇರುವ ನಾಗರಿಕರಿಗೆ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೇ ವಿಧಿ ನೀಡಿತು. ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದೆಂದು 30ನೇ ವಿಧಿ ಹೇಳಿತು. ಅಲ್ಪಸಂಖ್ಯಾತರದೆಂಬ ಕಾರಣಕ್ಕೆ ಸರಕಾರಿ ಅನುದಾನದಲ್ಲಿ ಭೇದ ಮಾಡುವಂತಿಲ್ಲವೆಂದೂ ಸೇರಿಸಿತು. ಈ ಹಕ್ಕುಗಳಿಗೆ ಭಂಗ ಬಂದರೆ ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವ ಅವಕಾಶ 32ನೇ ವಿಧಿಯಲ್ಲಿದೆ. ಸಂವಿಧಾನದ ಹೃದಯ ಮತ್ತು ಆತ್ಮ ಎಂದು ಡಾ. ಅಂಬೇಡ್ಕರ್ ಕರೆದದ್ದು ಈ ವಿಧಿಯನ್ನೇ.

ತಿರುಗಿದ ತಕ್ಕಡಿ

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳ ರಚನೆಯಾದಾಗ ಹಳೆಯ ಬೀದರ್ ಜಿಲ್ಲೆ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಪ್ರದೇಶದ ಪಾಲಾದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು.

ಇದರೊಂದಿಗೆ ತಕ್ಕಡಿಯೂ ತಿರುಗಿತು. ನಿನ್ನೆಯವರೆಗೆ ಮರೆಯಲ್ಲಿದ್ದ ಕನ್ನಡ ಇಂದು ಸರಕಾರದ ಭಾಷೆಯಾಯಿತು. ಭಾಲ್ಕಿ, ಔರಾದ್‌ಗಳಲ್ಲಿ ತಲೆಮಾರುಗಳಿಂದ ಮರಾಠಿ ಆಡುತ್ತಿದ್ದವರು, ಬೀದರ್ ನಗರದ ಓಣಿಗಳಲ್ಲಿ ಉರ್ದು ಆಡುತ್ತಿದ್ದವರು ಊರು ಬಿಟ್ಟು ಕದಲದೆ ಭಾಷಾ ಅಲ್ಪಸಂಖ್ಯಾತರಾದರು. ಗಡಿಯಾಚೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡಿಗರಿಗೂ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೂ ಆದದ್ದು ಇದೇ.

ಅಲ್ಪಸಂಖ್ಯಾತರು ಯಾರು ಎಂಬುದನ್ನು ದೇಶದ ಲೆಕ್ಕದಲ್ಲಲ್ಲ, ಆಯಾ ರಾಜ್ಯದ ಲೆಕ್ಕದಲ್ಲಿ ನಿರ್ಧರಿಸಬೇಕೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ತೀರ್ಪು ನೀಡಿತು. ಹೀಗಾಗಿ ಔರಾದ್‌ನ ಮರಾಠಿ ಶಾಲೆಯನ್ನೂ ಅಕ್ಕಲಕೋಟೆಯ ಕನ್ನಡ ಶಾಲೆಯನ್ನೂ ಕಾಯುವುದು ಒಂದೇ ವಿಧಿ. ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದರು. ಕರ್ನಾಟಕದಲ್ಲಿ ಅದಕ್ಕೆ ಸಹಾನುಭೂತಿ ದೊರೆಯಿತು. ಅಲ್ಲಿ ನಮ್ಮವರಿಗೆ ಬೇಕೆನ್ನುವುದನ್ನು ಇಲ್ಲಿ ಇತರರಿಗೆ ಬೇಡವೆನ್ನಲು ಬಾರದು.

ಗಡಿ ವಿವಾದದಲ್ಲಿ ಬೀದರ್ ಜಿಲ್ಲೆಯ ಊರುಗಳೂ ತನಗೆ ಸೇರಬೇಕೆಂಬುದು ಮಹಾರಾಷ್ಟ್ರದ ವಾದ. 2004ರಲ್ಲಿ ಅದು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಗೆರೆಯನ್ನು ಎಲ್ಲಿ ಎಳೆದರೂ ಕೆಲವು ಮನೆಗಳು ಆಚೆ ಉಳಿದೇ ಉಳಿಯುತ್ತವೆ. ಆ ಮನೆಗಳ ಮಕ್ಕಳಿಗೆ ರಕ್ಷಣೆ ಕೊಡುವುದು ಗಡಿಯಲ್ಲ, ಮೂಲಭೂತ ಹಕ್ಕು.

ರಾಜ್ಯಭಾಷೆಯ ಪಾಲೇನು?

ಹಾಗಾದರೆ ಕರ್ನಾಟಕದಲ್ಲಿ ಕನ್ನಡ ಕಲಿಯಿರಿ ಎನ್ನುವುದು ತಪ್ಪೇ? ಈ ಪ್ರಶ್ನೆ ಗೋಕಾಕ್ ಚಳವಳಿಯ ಕಾಲದಿಂದ ಕೋರ್ಟಿನಲ್ಲಿದೆ. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ ಎಂಬ ಆದೇಶವನ್ನು 1989ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಪರಿಷ್ಕೃತ ನೀತಿಗೆ 1993ರಲ್ಲಿ ಸುಪ್ರೀಂ ಕೋರ್ಟ್ ಸಮ್ಮತಿ ನೀಡಿತು. ಆದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರುವ ಅಧಿಕಾರ ಸರಕಾರಕ್ಕಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ ಎಂದು 2014ರಲ್ಲಿ ಸಂವಿಧಾನ ಪೀಠ ಹೇಳಿತು. ಮಾಧ್ಯಮದ ಪ್ರಶ್ನೆ ಬೇರೆ, ಒಂದು ವಿಷಯವಾಗಿ ಕನ್ನಡ ಕಲಿಸುವುದು ಬೇರೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ಮನೆಮಾತಿನಲ್ಲಿ ಪಾಠ, ಜೊತೆಗೆ ನಾಡಿನ ಮಾತು: ಎರಡಕ್ಕೂ ಒಂದೇ ತರಗತಿಯಲ್ಲಿ ಜಾಗವಿದೆ.

ಹಕ್ಕು ಇದೆ, ಮಾಸ್ತರರು ಬೇಕು

ಮೂಲಭೂತ ಹಕ್ಕು ಮಾಡುವ ಮೊದಲ ಕೆಲಸ ಸರಕಾರದ ಕೈ ತಡೆಯುವುದು. ಅದು ತಾನಾಗಿ ಶಾಲೆಗೆ ಮಾಸ್ತರರನ್ನು ಕಳಿಸುವುದಿಲ್ಲ. ಆ ಕೊರತೆ ತುಂಬಲೆಂದೇ 1956ರಲ್ಲಿ ಏಳನೇ ತಿದ್ದುಪಡಿಯ ಮೂಲಕ 350ಎ ವಿಧಿ ಬಂತು: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕು. ಇದು ಮೂರನೇ ಭಾಗದಲ್ಲಿಲ್ಲ. ಹಾಗಾಗಿ ಇದರ ಬಲ 30ನೇ ವಿಧಿಯಷ್ಟಿಲ್ಲ. ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯ ಒಬ್ಬ ಶಿಕ್ಷಕರನ್ನು ನೇಮಿಸಬೇಕೆಂಬ ಸೂತ್ರವನ್ನು ಪ್ರಾಂತ್ಯಗಳ ಶಿಕ್ಷಣ ಸಚಿವರ ಸಮ್ಮೇಳನ 1949ರಲ್ಲೇ ರೂಪಿಸಿತ್ತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಬೋಧನೆ ನಡೆಯಲಿ ಎನ್ನುತ್ತದೆ.

ಈ ‘ಯತ್ನಿಸಬೇಕು’, ‘ಸಾಧ್ಯವಾದಷ್ಟು’ ಎಂಬ ಮಾತುಗಳ ನಡುವೆಯೇ ಹಳ್ಳಿಯ ಮಗುವಿನ ವರ್ಷ ಕಳೆದುಹೋಗಬಹುದು. ಖಾಲಿ ಹುದ್ದೆಗೆ ಅರ್ಜಿ ಕೊಟ್ಟು ಕೇಳುವವರು ಪಾಲಕರೇ ಆಗಬೇಕು. ಕೇಳುವ ದಾರಿ ಹಿಂದಿನಷ್ಟು ದೂರವಿಲ್ಲ ಎಂಬುದೊಂದು ಸಮಾಧಾನ. ಮೊದಲು ರಿಟ್ ಅರ್ಜಿ ಹಾಕಲು ಬೀದರಿನವರು ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಕಲಬುರಗಿ ಹೈಕೋರ್ಟ್ ಪೀಠಕ್ಕೆ ಈಗ ಬೆಳಿಗ್ಗೆ ಹೊರಟು ಹೋಗಿಬರಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಕೀಲರ ನೆರವು ಉಚಿತ.

ಪಟ್ಟದ್ದೇವರ ಕಾಲದ ಮಕ್ಕಳಿಗೆ ಇಂಥ ಬಾಗಿಲು ಇರಲಿಲ್ಲ. ಇದ್ದದ್ದು ಒಂದು ಸುಳ್ಳು ಫಲಕ ಮತ್ತು ಅದನ್ನು ತೂಗುಹಾಕುವ ಧೈರ್ಯ. ಇಂದು ಇದೇ ಜಿಲ್ಲೆಯಲ್ಲಿ ಕನ್ನಡ ಶಾಲೆಗೆ ಕನ್ನಡ ಫಲಕ, ಮರಾಠಿ ಶಾಲೆಗೆ ಮರಾಠಿ, ಉರ್ದು ಶಾಲೆಗೆ ಉರ್ದು. ಹೊರಗಿನ ಫಲಕ, ಒಳಗಿನ ಪಾಠ ಎರಡೂ ಒಂದೇ ಆಗಿರುವುದನ್ನು ದಾರಿಹೋಕರು ಗಮನಿಸುವುದೂ ಇಲ್ಲ. ಒಂದು ಮೂಲಭೂತ ಹಕ್ಕು ಚೆನ್ನಾಗಿ ನಡೆಯುತ್ತಿದೆ ಎಂಬುದರ ಗುರುತು ಅದೇ.