ಒಂದೇ ನೊಗಕ್ಕೆ ಎರಡು ಜನರೇಟರ್

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಅದರ ಬಲವನ್ನಷ್ಟೇ ನೋಡುವುದಿಲ್ಲ. ಹಟ್ಟಿಯಲ್ಲಿರುವ ಎತ್ತಿಗೆ ಅದು ಜೋಡಿಯಾದೀತೇ ಎಂದು ನೋಡುತ್ತಾನೆ. ಎತ್ತರ, ನಡಿಗೆ, ಸ್ವಭಾವ ಹೊಂದದಿದ್ದರೆ ಎರಡೂ ಬಲವಾದ ಎತ್ತುಗಳೇ ಆದರೂ ಗಾಡಿ ನೆಟ್ಟಗೆ ಸಾಗದು. ‘ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು’ ಎಂಬ ಗಾದೆ ಹುಟ್ಟಿದ್ದೇ ಇಂಥ ಅನುಭವದಿಂದ. ದೊಡ್ಡ ಆಸ್ಪತ್ರೆಯೊಂದರ ಹಿಂಭಾಗದಲ್ಲಿ ಎರಡು ಡೀಸೆಲ್ ಜನರೇಟರ್‌ಗಳನ್ನು ಒಟ್ಟಿಗೆ ದುಡಿಯಲು ಹೂಡುವ ತಂತ್ರಜ್ಞನ ಚಿಂತೆಯೂ ಇದೇ.

ಒಂದು ದೊಡ್ಡ ಜನರೇಟರ್ ಬದಲು ಎರಡೇಕೆ? ಹಗಲಿನಲ್ಲಿ ಎಕ್ಸ್-ರೇ, ಲಿಫ್ಟ್, ಹವಾನಿಯಂತ್ರಣ ಎಲ್ಲವೂ ನಡೆಯುವಾಗ ವಿದ್ಯುತ್ ಬೇಡಿಕೆ ಹೆಚ್ಚು. ರಾತ್ರಿ ಅದು ಅರ್ಧಕ್ಕೂ ಇಳಿಯಬಹುದು. ದೊಡ್ಡ ಡೀಸೆಲ್ ಎಂಜಿನನ್ನು ಸದಾ ತೀರ ಕಡಿಮೆ ಹೊರೆಯಲ್ಲಿ ಓಡಿಸಿದರೆ ಎಣ್ಣೆ ಪೂರ್ತಿ ಉರಿಯದೆ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಎರಡು ಚಿಕ್ಕ ಯಂತ್ರಗಳಿದ್ದರೆ ರಾತ್ರಿ ಒಂದು ಸಾಕು, ಹಗಲಿಗೆ ಎರಡು. ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ.

ಆದರೆ ಎರಡರ ನಡುವೆ ಹೊರೆ ಸರಿಯಾಗಿ ಹಂಚಿಕೆಯಾಗದಿದ್ದರೆ ಈ ಲಾಭವೇ ಅಪಾಯವಾಗುತ್ತದೆ. ಒಂದು ಯಂತ್ರ ಎಲ್ಲ ಹೊರೆಯನ್ನೂ ತಾನೇ ಎಳೆದುಕೊಂಡು ಇನ್ನೊಂದನ್ನೂ ತಿರುಗಿಸತೊಡಗುತ್ತದೆ. ಆಗ ಎರಡನೆಯದು ವಿದ್ಯುತ್ ಕೊಡುವ ಬದಲು ತಾನೇ ವಿದ್ಯುತ್ ತಿನ್ನುವ ಮೋಟಾರ್ ಆಗುತ್ತದೆ. ಇದನ್ನು ಪತ್ತೆಹಚ್ಚುವ ‘ರಿವರ್ಸ್ ಪವರ್ ರಿಲೇ’ ಎಂಬ ಕಾವಲುಗಾರ ಅದನ್ನು ಕೂಡಲೇ ತಂತಿಯಿಂದ ಕಳಚುತ್ತದೆ. ಆಮೇಲೆ ಬೇಡಿಕೆ ಏರಿದರೆ ಉಳಿದ ಯಂತ್ರ ಒಂಟಿಯಾಗಿ ಭಾರ ತಾಳದೆ ತಾನೂ ಟ್ರಿಪ್ ಆಗುತ್ತದೆ. ಯಂತ್ರಗಳೆರಡೂ ಆರೋಗ್ಯವಾಗಿವೆ, ಟ್ಯಾಂಕಿನಲ್ಲಿ ಡೀಸೆಲ್ ಇದೆ, ಆದರೂ ಆಸ್ಪತ್ರೆ ಕತ್ತಲು! ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬ್ಯಾಟರಿಯ ಆಸರೆ ಇರುತ್ತದಾದರೂ ಅದು ಸ್ವಲ್ಪ ಹೊತ್ತಿನದು ಮಾತ್ರ.

ಜೊತೆಗೂಡುವ ಮುನ್ನ

ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುವ ಪರ್ಯಾಯ ವಿದ್ಯುತ್ತು. ಈ ಸಂಖ್ಯೆಯೇ ಆವೃತ್ತಿ ಅಥವಾ ಫ್ರೀಕ್ವೆನ್ಸಿ. ನಾಲ್ಕು ಧ್ರುವಗಳ ಜನರೇಟರ್ ಒಂದು ಸುತ್ತು ತಿರುಗಿದರೆ ಎರಡು ಆವರ್ತನೆಗಳು ಹುಟ್ಟುತ್ತವೆ. ನಿಮಿಷಕ್ಕೆ 1,500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗಿದರೆ 50 ಹರ್ಟ್ಸ್. ಹೀಗೆ ಎಂಜಿನ್ನಿನ ವೇಗಕ್ಕೂ ವಿದ್ಯುತ್ತಿನ ಆವೃತ್ತಿಗೂ ನೇರ ಸಂಬಂಧವಿದೆ.

ಓಡುತ್ತಿರುವ ಒಂದು ಜನರೇಟರಿಗೆ ಇನ್ನೊಂದನ್ನು ಸೇರಿಸುವಾಗ ಎರಡರ ವೋಲ್ಟೇಜ್, ಆವೃತ್ತಿ ಮತ್ತು ಮೂರು ಫೇಸ್‌ಗಳ ಅನುಕ್ರಮ ಒಂದೇ ಆಗಿರಬೇಕು. ಜೊತೆಗೆ ಎರಡರ ಅಲೆಗಳೂ ಒಂದೇ ಕ್ಷಣಕ್ಕೆ ಏರಿ ಒಂದೇ ಕ್ಷಣಕ್ಕೆ ಇಳಿಯಬೇಕು. ಹಿಂದೆ ಇದಕ್ಕೊಂದು ಸರಳ ಉಪಾಯವಿತ್ತು. ಸ್ವಿಚ್ಚಿನ ಎರಡು ಬದಿಗಳ ನಡುವೆ ಬಲ್ಬುಗಳನ್ನು ಕಟ್ಟುತ್ತಿದ್ದರು. ಅಲೆಗಳು ಹೊಂದದಿದ್ದಾಗ ಬಲ್ಬು ಬೆಳಗುತ್ತದೆ, ಹೊಂದಿದಾಗ ಆರುತ್ತದೆ. ಬೆಳಕು ನಿಧಾನವಾಗಿ ಏರಿಳಿಯುವಂತೆ ವೇಗವನ್ನು ತಿದ್ದಿ, ಪೂರ್ಣ ಕತ್ತಲಾದ ಗಳಿಗೆಯಲ್ಲಿ ಸ್ವಿಚ್ ಒತ್ತಬೇಕು. ಈಗ ಆ ಕೆಲಸವನ್ನು ಸಿಂಕ್ರೊಸ್ಕೋಪ್ ಮತ್ತು ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಮಾಡುತ್ತವೆ. ತತ್ತ್ವ ಮಾತ್ರ ಅದೇ.

ಒಮ್ಮೆ ಕೂಡಿದ ಮೇಲೆ ಒಂದು ಸೋಜಿಗ ನಡೆಯುತ್ತದೆ. ಎರಡು ಯಂತ್ರಗಳೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಂದೇ ವೇಗದಲ್ಲಿ ತಿರುಗಲೇಬೇಕು. ಒಂದಕ್ಕೆ ಹೆಚ್ಚು ಡೀಸೆಲ್ ಕೊಟ್ಟರೆ ಅದು ಇನ್ನೊಂದನ್ನು ಬಿಟ್ಟು ಮುಂದೆ ಓಡಲಾರದು, ಹೆಚ್ಚು ಹೊರೆಯನ್ನು ಮಾತ್ರ ಹೊರುತ್ತದೆ. ಹಾಗಾದರೆ ಯಾರು ಎಷ್ಟು ಹೊರಬೇಕೆಂದು ತೀರ್ಮಾನಿಸುವವರು ಯಾರು?

ಹಠ ಬಿಟ್ಟರೆ ಹೊಂದಾಣಿಕೆ

ತೀರ್ಮಾನಿಸುವುದು ಗವರ್ನರ್ ಎಂಬ ಸಾಧನ. ಗಾಳಿಗಿರಣಿಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ತಿರುಗುವ ಗುಂಡುಗಳ ಗವರ್ನರನ್ನು ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಎಂಜಿನ್ನಿಗೆ ಅಳವಡಿಸಿದ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಹರಡಿ ಉಗಿಯನ್ನು ತಡೆಯುತ್ತವೆ. ವೇಗ ತಗ್ಗಿದರೆ ಒಳಕ್ಕೆ ಬಂದು ಉಗಿಯನ್ನು ಬಿಡುತ್ತವೆ. ಇಂದಿನ ಡೀಸೆಲ್ ಎಂಜಿನ್ನಿನಲ್ಲಿ ಗುಂಡುಗಳ ಬದಲು ಸಂವೇದಕವೊಂದು ವೇಗವನ್ನು ಅಳೆದು ಎಣ್ಣೆಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿಸುತ್ತದೆ.

ಹೊರೆ ಎಷ್ಟೇ ಇರಲಿ, ವೇಗ 1,500ರಿಂದ ಕದಲಬಾರದು ಎಂದು ಗವರ್ನರಿಗೆ ಕಟ್ಟಪ್ಪಣೆ ಮಾಡಬಹುದು. ಒಂಟಿ ಯಂತ್ರಕ್ಕೆ ಇದು ಚೆನ್ನ. ಆದರೆ ಒಂದೇ ತಂತಿಯಲ್ಲಿ ಇಂಥ ಹಠಮಾರಿಗಳು ಎರಡಾದರೆ? ಯಾವ ಅಳತೆಯೂ ಕೂದಲೆಳೆಯಷ್ಟು ತಪ್ಪಿಲ್ಲದೆ ಇರುವುದಿಲ್ಲ. ಒಂದು 1,500ಕ್ಕೂ ಇನ್ನೊಂದು 1,501ಕ್ಕೂ ಹಠ ಹಿಡಿದರೆ ಮೊದಲನೆಯದು ‘ವೇಗ ಹೆಚ್ಚಾಯಿತು’ ಎಂದು ಎಣ್ಣೆ ಕಡಿಮೆ ಮಾಡುತ್ತಾ ಹೋಗುತ್ತದೆ. ಎರಡನೆಯದು ‘ಸಾಲದು’ ಎಂದು ಹೆಚ್ಚಿಸುತ್ತಾ ಹೋಗುತ್ತದೆ. ಕೊನೆಗೆ ಒಂದರ ಮೇಲೇ ಭಾರವೆಲ್ಲ ಬೀಳುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರ ಯಂತ್ರಕ್ಕೆ ಸ್ವಲ್ಪ ಬಾಗುವುದನ್ನು ಕಲಿಸುವುದು. ಹೊರೆ ಹೆಚ್ಚಿದಂತೆ ವೇಗ ತುಸು ತಗ್ಗಲು ಗವರ್ನರ್ ಒಪ್ಪಬೇಕು. ಈ ತಗ್ಗುವಿಕೆಗೆ ‘ಡ್ರೂಪ್’ ಎಂದು ಹೆಸರು. ಹೊರೆಯಿಲ್ಲದಾಗ 52 ಹರ್ಟ್ಸ್, ಪೂರ್ಣ ಹೊರೆಯಲ್ಲಿ 50 ಹರ್ಟ್ಸ್ ಆದರೆ 2 ಹರ್ಟ್ಸ್ ತಗ್ಗಿದಂತಾಯಿತು. ಅಂದರೆ ಡ್ರೂಪ್ ಶೇ. 4. ಈಗ ಒಂದು ಯಂತ್ರ ಹೆಚ್ಚು ಹೊರೆ ಹೊರಲು ಹೋದರೆ ಅದರ ಗವರ್ನರ್ ತಾನಾಗಿ ಬಾಗಿ ಉಳಿದುದನ್ನು ಜೊತೆಗಾರನಿಗೆ ಬಿಟ್ಟುಕೊಡುತ್ತದೆ.

ಒಂದು ಚಿಕ್ಕ ಲೆಕ್ಕ

ತಲಾ 500 ಕಿಲೋವಾಟ್‌ನ ಎರಡು ಜನರೇಟರ್‌ಗಳು, ಎರಡಕ್ಕೂ ಶೇ. 4 ಡ್ರೂಪ್ ಎಂದಿಟ್ಟುಕೊಳ್ಳಿ. ಆಸ್ಪತ್ರೆಯ ಒಟ್ಟು ಹೊರೆ 600 ಕಿಲೋವಾಟ್ ಇದ್ದರೆ ತಲಾ 300, ಆವೃತ್ತಿ 50.8 ಹರ್ಟ್ಸ್. ಒಂದು ಯಂತ್ರ 1,000 ಕಿಲೋವಾಟ್‌ನದು, ಇನ್ನೊಂದು 500ರದು ಆಗಿದ್ದರೂ ತೊಂದರೆಯಿಲ್ಲ. ಒಟ್ಟು 900 ಬೇಕಾದಾಗ ದೊಡ್ಡದು 600, ಚಿಕ್ಕದು 300 ಹೊರುತ್ತದೆ. ಎರಡೂ ತಮ್ಮ ಶಕ್ತಿಯ ಶೇ. 60ರಷ್ಟು ದುಡಿದಂತಾಯಿತು. ನ್ಯಾಯವಾದ ಹಂಚಿಕೆಯೆಂದರೆ ಇದೇ.

ಈಗ ತಲಾ 500 ಕಿಲೋವಾಟ್‌ನ ಜೋಡಿಯಲ್ಲಿ ಒಂದಕ್ಕೆ ಶೇ. 4, ಇನ್ನೊಂದಕ್ಕೆ ತಪ್ಪಿ ಶೇ. 2 ಡ್ರೂಪ್ ಇಟ್ಟರೆ ಏನಾಗುತ್ತದೆ? ಮೊದಲನೆಯದು ಹೊರೆಯಿಲ್ಲದಾಗ 52 ಹರ್ಟ್ಸ್, ಎರಡನೆಯದು 51 ಹರ್ಟ್ಸ್. ಪೂರ್ಣ ಹೊರೆಯಲ್ಲಿ ಎರಡೂ ಸರಿಯಾಗಿ 50. ತಂತ್ರಜ್ಞ ಪೂರ್ಣ ಹೊರೆಯಲ್ಲಿ ಮಾತ್ರ ಪರೀಕ್ಷಿಸಿದರೆ ತಲಾ 500 ಹೊತ್ತ ಯಂತ್ರಗಳನ್ನು ಕಂಡು ‘ಎಲ್ಲ ಸರಿಯಿದೆ’ ಎಂದು ಸಹಿ ಹಾಕಿಬಿಟ್ಟಾನು. ಆದರೆ ಹೊರೆ 600ಕ್ಕೆ ಇಳಿದಾಗ ಹಂಚಿಕೆ 367 ಮತ್ತು 233. ಹೊರೆ 300ಕ್ಕೆ ಇಳಿದಾಗ 267 ಮತ್ತು 33. ಒಟ್ಟು 250ಕ್ಕೆ ಬಂದರೆ ಎರಡನೆಯದರ ಪಾಲು ಸೊನ್ನೆ. ಅದಕ್ಕೂ ಕೆಳಗಿಳಿದರೆ ಅದು ಮೋಟಾರ್ ಆಗುತ್ತದೆ, ರಿಲೇ ಅದನ್ನು ಕಳಚುತ್ತದೆ. ಹಗಲಿನ ಪರೀಕ್ಷೆಯಲ್ಲಿ ಅಡಗಿದ್ದ ತಪ್ಪು ರಾತ್ರಿ ಹೊರಬೀಳುವುದು ಹೀಗೆ.

ಈ ಲೆಕ್ಕಕ್ಕೆ ಬೇಕಾದದ್ದು ಹತ್ತನೇ ತರಗತಿಯ ರೇಖಾತ್ಮಕ ಸಮೀಕರಣಗಳ ಜೋಡಿ ಮಾತ್ರ. ಗ್ರಾಫ್ ಹಾಳೆಯಲ್ಲಿ ಹೊರೆಯನ್ನು ಅಡ್ಡಕ್ಕೂ ಆವೃತ್ತಿಯನ್ನು ಉದ್ದಕ್ಕೂ ಗುರುತಿಸಿ ಎರಡು ಗೆರೆ ಎಳೆದರೆ ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ಕಾಣಬಹುದು. ‘ಈ ಗೆರೆಗಳಿಂದ ಏನು ಪ್ರಯೋಜನ?’ ಎಂದು ಕೇಳುವ ಮಕ್ಕಳಿಗೆ ಇದೊಂದು ಉತ್ತರ.

ಅಳತೆ ಕೂಡಿಸುವ ಬಗೆ

ಡ್ರೂಪ್‌ನಲ್ಲಿ ಒಂದು ಕೊರತೆಯುಂಟು. ಹೊರೆ ಬದಲಾದಂತೆ ಆವೃತ್ತಿಯೂ ಬದಲಾಗುತ್ತದೆ. ಇದನ್ನು ತಪ್ಪಿಸಲು ಬಂದದ್ದು ಎಲೆಕ್ಟ್ರಾನಿಕ್ ಹೊರೆ ಹಂಚಿಕೆ ನಿಯಂತ್ರಕ. ಪ್ರತಿ ಯಂತ್ರದ ನಿಯಂತ್ರಕವೂ ತನ್ನ ಯಂತ್ರ ಎಷ್ಟು ಹೊರೆ ಹೊತ್ತಿದೆ ಎಂಬುದನ್ನು ಸಣ್ಣ ವೋಲ್ಟೇಜ್ ಆಗಿ ಮಾರ್ಪಡಿಸುತ್ತದೆ. ಪೂರ್ಣ ಹೊರೆಗೆ 3 ವೋಲ್ಟ್ ಎಂದಾದರೆ, 500ರಲ್ಲಿ 250 ಹೊತ್ತ ಯಂತ್ರದ್ದು 1.5 ವೋಲ್ಟ್, 350 ಹೊತ್ತದ್ದು 2.1 ವೋಲ್ಟ್. ಇವೆರಡನ್ನೂ ಒಂದು ಜೊತೆ ತಂತಿಯಿಂದ ಕೂಡಿಸಿದರೆ ಸರಾಸರಿ 1.8 ವೋಲ್ಟ್ ನಿಲ್ಲುತ್ತದೆ. ಸರಾಸರಿಗಿಂತ ಕೆಳಗಿರುವ ಯಂತ್ರ ಎಣ್ಣೆ ಹೆಚ್ಚಿಸುತ್ತದೆ, ಮೇಲಿರುವುದು ಇಳಿಸುತ್ತದೆ. ಕೊನೆಗೆ ಎರಡೂ 300ಕ್ಕೆ ಬಂದು ನಿಲ್ಲುತ್ತವೆ. ಆವೃತ್ತಿ ಮಾತ್ರ 50ರಲ್ಲೇ ಇರುತ್ತದೆ. ಒಳ್ಳೆಯ ವ್ಯವಸ್ಥೆಯಲ್ಲಿ ಈ ತಂತಿ ಕಡಿದುಹೋದರೆ ಯಂತ್ರಗಳು ತಾವಾಗಿ ಡ್ರೂಪ್‌ಗೆ ಮರಳುವಂತೆ ಏರ್ಪಾಡು ಮಾಡಿರುತ್ತಾರೆ.

ಇಲ್ಲಿ ಎಲ್ಲವೂ ನಿಂತಿರುವುದು ಅಳತೆಯ ನಿಷ್ಠೆಯ ಮೇಲೆ. ದಪ್ಪ ಕೇಬಲ್ಲಿನ ನೂರಾರು ಆಂಪಿಯರ್ ವಿದ್ಯುತ್ತನ್ನು ಕೆಲವೇ ಆಂಪಿಯರಿಗೆ ಇಳಿಸಿ ಅಳತೆಗೆ ಒದಗಿಸುವುದು ಕರೆಂಟ್ ಟ್ರಾನ್ಸ್‌ಫಾರ್ಮರ್, ಕಸುಬಿನವರ ಬಾಯಲ್ಲಿ ‘ಸಿ.ಟಿ.’. ಇದರ ಎರಡು ತಂತಿಗಳನ್ನು ಅದಲುಬದಲಾಗಿ ಜೋಡಿಸಿದರೆ ಏರಿದ ಹೊರೆ ಇಳಿದಂತೆ ಕಾಣುತ್ತದೆ. ನಿಯಂತ್ರಕ ಎಣ್ಣೆ ತಗ್ಗಿಸುವ ಬದಲು ಹೆಚ್ಚಿಸುತ್ತದೆ. ಒಂದು ಫೇಸಿನ ಸಿ.ಟಿ.ಗೆ ಇನ್ನೊಂದು ಫೇಸಿನ ವೋಲ್ಟೇಜ್ ಕೊಟ್ಟರೂ ಲೆಕ್ಕ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಹಿರಿಯ ತಂತ್ರಜ್ಞರು ಹುಡುಗರಿಗೆ ಮೊದಲ ದಿನವೇ ಹೇಳುತ್ತಾರೆ: ಯಂತ್ರ ಹೊರೆ ಹೊತ್ತಿರುವಾಗ ಸಿ.ಟಿ.ಯ ಅಳತೆಯ ತಂತಿಯನ್ನು ಬಿಚ್ಚಬಾರದು. ಬಿಚ್ಚಿದ ತುದಿಗಳ ನಡುವೆ ಪ್ರಾಣಾಂತಿಕ ವೋಲ್ಟೇಜ್ ಹುಟ್ಟುತ್ತದೆ.

ಜೋಡಣೆ ಮುಗಿದ ಮೇಲೆ ಪ್ರತಿ ಯಂತ್ರವನ್ನೂ ಮೊದಲು ಒಂಟಿಯಾಗಿ ಪರೀಕ್ಷಿಸುತ್ತಾರೆ. ನಿಜವಾದ ರೋಗಿಗಳ ಮೇಲೆ ಪ್ರಯೋಗ ಸಲ್ಲದು. ಆದ್ದರಿಂದ ‘ಲೋಡ್ ಬ್ಯಾಂಕ್’ ಎಂಬ ಕೃತಕ ಹೊರೆಯನ್ನು ತರುತ್ತಾರೆ. ಸರಳವಾಗಿ ಹೇಳಿದರೆ ಅದೊಂದು ಭಾರೀ ಹೀಟರ್. ಶೇ. 25, 50, 75, 100 ಹೀಗೆ ಹೊರೆ ಏರಿಸುತ್ತಾ, ನಂಬಿಕೆಯ ಮೀಟರ್ ತೋರಿಸುವ ಕಿಲೋವಾಟನ್ನೂ ನಿಯಂತ್ರಕದ ವೋಲ್ಟೇಜನ್ನೂ ಹೋಲಿಸಿ ತಿದ್ದುತ್ತಾರೆ. ಆಮೇಲೆ ಎರಡನ್ನೂ ಕೂಡಿಸಿ ಅದೇ ಮೆಟ್ಟಿಲುಗಳನ್ನು ಮತ್ತೊಮ್ಮೆ ಏರಿ ಇಳಿಯುತ್ತಾರೆ. ಪ್ರತಿ ಅಂಕಿಯನ್ನೂ ಬರೆದಿಡುತ್ತಾರೆ.

ಉಳಿಯುವುದು ಚುರುಕಿನ ಪ್ರಶ್ನೆ. ಗವರ್ನರ್ ತೀರ ಮಂದವಾದರೆ ಲಿಫ್ಟ್ ಹೊರಟಾಗಲೆಲ್ಲ ದೀಪಗಳು ಮಂಕಾಗುತ್ತವೆ. ತೀರ ಚುರುಕಾದರೆ ವೇಗ ಒಮ್ಮೆ ಹೆಚ್ಚಿ ಒಮ್ಮೆ ತಗ್ಗಿ ಉಯ್ಯಾಲೆಯಾಡುತ್ತದೆ. ಇದಕ್ಕೆ ‘ಹಂಟಿಂಗ್’ ಎನ್ನುತ್ತಾರೆ. ವಿದ್ಯುತ್ಕಾಂತ ಸಿದ್ಧಾಂತದಿಂದ ಹೆಸರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳ ಬಗ್ಗೆಯೇ ಒಂದು ಪ್ರಬಂಧ ಬರೆದು ಇಂಥ ಓಲಾಟ ಯಾವಾಗ ಅಡಗುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದನ್ನು ಗಣಿತದಿಂದ ತೋರಿಸಿದ.

ಕಾಣದ ಇನ್ನೊಂದು ಹೊರೆ

ಕೆಲವೊಮ್ಮೆ ಎರಡು ಯಂತ್ರಗಳೂ ಸಮಾನ ಕಿಲೋವಾಟ್ ತೋರಿಸುತ್ತವೆ, ಆದರೆ ಆಂಪಿಯರ್ ಮೀಟರುಗಳಲ್ಲಿ ದೊಡ್ಡ ವ್ಯತ್ಯಾಸವಿರುತ್ತದೆ. ಹೊಸಬರು ಇಲ್ಲಿ ಗವರ್ನರನ್ನು ತಿರುಚಲು ಹೋಗಿ ಸರಿಯಿದ್ದದ್ದನ್ನೂ ಕೆಡಿಸುತ್ತಾರೆ. ತಪ್ಪಿರುವುದು ಬೇರೆ ಕಡೆ.

ಮೋಟಾರು, ಫ್ಯಾನು, ಪಂಪುಗಳು ತಮ್ಮೊಳಗೆ ಕಾಂತಕ್ಷೇತ್ರ ಕಟ್ಟಲು ಸ್ವಲ್ಪ ವಿದ್ಯುತ್ತನ್ನು ಪಡೆದು ಮರುಗಳಿಗೆಯಲ್ಲೇ ಹಿಂದಿರುಗಿಸುತ್ತಿರುತ್ತವೆ. ಇದು ‘ರಿಯಾಕ್ಟಿವ್’ ಹೊರೆ. ಇದು ನೇರವಾಗಿ ಡೀಸೆಲ್ ಬೇಡುವುದಿಲ್ಲ, ಆದರೆ ಜನರೇಟರಿನ ಸುರುಳಿಗಳನ್ನು ಬಿಸಿ ಮಾಡುತ್ತದೆ. ಇದರ ಹಂಚಿಕೆ ಗವರ್ನರ್ ಕೈಯಲ್ಲಿಲ್ಲ. ಅದಿರುವುದು ಜನರೇಟರಿನ ಕಾಂತವನ್ನು ಬಲಪಡಿಸುವ ವೋಲ್ಟೇಜ್ ನಿಯಂತ್ರಕದ ಕೈಯಲ್ಲಿ. ಒಂದು ಯಂತ್ರದ ವೋಲ್ಟೇಜ್ ತುಸು ಹೆಚ್ಚಿಗೆ ಹಠ ಹಿಡಿದರೆ ಆಸ್ಪತ್ರೆಗೆ ಉಪಯೋಗವಿಲ್ಲದ ವಿದ್ಯುತ್ತು ಎರಡು ಯಂತ್ರಗಳ ನಡುವೆಯೇ ಸುತ್ತುತ್ತದೆ. ಇದಕ್ಕೂ ಮದ್ದು ಅದೇ: ರಿಯಾಕ್ಟಿವ್ ಹೊರೆ ಹೆಚ್ಚಿದಂತೆ ವೋಲ್ಟೇಜ್ ಸ್ವಲ್ಪ ತಗ್ಗುವಂತೆ ಮಾಡುವುದು.

ಆಸ್ಪತ್ರೆಯಿಂದ ಶರಾವತಿಗೆ

ಹಿತ್ತಲಿನ ಎರಡು ಯಂತ್ರಗಳ ಈ ಕಥೆ ಇಡೀ ದೇಶದ ಕಥೆಯೂ ಹೌದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗಲೇ ಹಲವು ಯಂತ್ರಗಳು ಒಂದೇ ಹೊರೆಯನ್ನು ಹೊರಬೇಕಿತ್ತು. ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವಾಟ್‌ನ ಹತ್ತು ಯಂತ್ರಗಳಿವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಕೂಡಿತು. ಅಂದಿನಿಂದ ಶರಾವತಿಯ ಯಂತ್ರಗಳೂ ಪಂಜಾಬಿನ ಯಂತ್ರಗಳೂ ಒಂದೇ ನೊಗದ ಎತ್ತುಗಳು. ಭಾರತೀಯ ವಿದ್ಯುತ್ ಜಾಲದ 2010ರ ಸಂಹಿತೆ ಗವರ್ನರ್‌ಗಳ ಡ್ರೂಪ್ ಶೇ. 3ರಿಂದ 6ರೊಳಗೆ ಇರಬೇಕೆಂದು ಹೇಳಿತು.

2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶದ ಮನೆಮನೆಗಳಲ್ಲಿ ಒಂಬತ್ತು ನಿಮಿಷ ವಿದ್ಯುದ್ದೀಪ ಆರಿಸಿ ಹಣತೆ ಹಚ್ಚಿದ್ದು ಅನೇಕರಿಗೆ ನೆನಪಿರಬಹುದು. ಆಗ ಬೇಡಿಕೆ ಸುಮಾರು 31,000 ಮೆಗಾವಾಟ್‌ನಷ್ಟು ಕುಸಿದು ಮತ್ತೆ ಏರಿತು. ಜಾಲದ ಅಧಿಕಾರಿಗಳು ಮೊದಲೇ ಯೋಜನೆ ಹಾಕಿದ್ದರು. ಜಲವಿದ್ಯುತ್ ಕೇಂದ್ರಗಳೇ ಸುಮಾರು 17,500 ಮೆಗಾವಾಟ್ ಉತ್ಪಾದನೆ ತಗ್ಗಿಸಿದವು. ಸೆಕೆಂಡು ಸೆಕೆಂಡಿನ ಏರುಪೇರನ್ನು ತಾಳಿಕೊಳ್ಳುವಲ್ಲಿ ಗವರ್ನರ್‌ಗಳ ಪಾಲಿತ್ತು. ಆವೃತ್ತಿ 49.70ರಿಂದ 50.26 ಹರ್ಟ್ಸ್ ನಡುವೆಯೇ ಉಳಿಯಿತು. ದೀಪ ಮತ್ತೆ ಹಾಕಿದಾಗ ಅದು ಹತ್ತಿತು. ಯಾರೂ ಅಚ್ಚರಿಪಡಲಿಲ್ಲ.

ಈ ಕೆಲಸ ಮಾಡುವವರಲ್ಲಿ ಐ.ಟಿ.ಐ., ಡಿಪ್ಲೊಮಾ ಓದಿದವರು ಅನೇಕರಿದ್ದಾರೆ. ಮೀಟರ್ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅಂಕಿ ಬರೆದುಕೊಳ್ಳುವ ಅವರ ಹೆಸರನ್ನು ಆಸ್ಪತ್ರೆಯ ರೋಗಿಗಳು ಕೇಳಿರುವುದಿಲ್ಲ. ಪೂರ್ಣ ಹೊರೆಯಲ್ಲಿ ಎಲ್ಲ ಸರಿ ಕಂಡ ಮೇಲೂ, ಕಾಲು ಭಾಗದ ಹೊರೆಯಲ್ಲಿ ಇನ್ನೊಮ್ಮೆ ನೋಡಿಬಿಡೋಣ ಎಂದು ಒಬ್ಬ ತಂತ್ರಜ್ಞ ಅರ್ಧ ಗಂಟೆ ಹೆಚ್ಚು ನಿಂತಿದ್ದರೆ, ಆ ಅರ್ಧ ಗಂಟೆಯ ಬೆಲೆ ತಿಳಿಯುವುದು ಮುಂದೊಂದು ರಾತ್ರಿ ಕರೆಂಟು ಹೋದಾಗ.