ಅಯ್ಯನವರಿಗೊಂದು ಸೋಮವಾರ

ಹುಕ್ಕೇರಿಯ ಹೊರಗೆ, ಕಬ್ಬಿನ ಹೊಲದ ಪಂಪ್‌ಹೌಸ್ ಮುಂದೆ ಪಾಸ್ಟರುಗಳು ಜುಣಕ ಮಾಡುತ್ತಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು. ಒಬ್ಬೊಬ್ಬರದು ಒಂದೊಂದು ಸಭೆ. ಫೋನುಗಳೆಲ್ಲ ಬಂದಾಗಿ ಒಂದು ಬುಟ್ಟಿ ಸೇರಿದ್ದವು. ಸೋಮವಾರ ಇಲ್ಲಿಗೆ ಬಂದವರು ಸಭೆಯ ವ್ಯವಹಾರದ ಮಾತು ಎತ್ತುವಂತಿಲ್ಲ. ಇಂಥದ್ದೊಂದು ಕೂಟವನ್ನು ನಾನು ನಮ್ಮ ಕಡೆ ಕಂಡೇ ಇರಲಿಲ್ಲ. ಆ ಸಂತೋಷ ಇನ್ನೂ ಇಳಿದಿಲ್ಲ.

"ಐತವಾರ ರಾತ್ರಿ ನಿದ್ದಿ ಬರೂದಿಲ್ರಿ," ಎಂದರು ಹಿರಿಯರೊಬ್ಬರು. "ಎಲ್ಲಾರೂ ತಮ್ಮ ದುಃಖ ನನ್ನ ಮುಂದ ಹೇಳ್ತಾರ. ನಾ ಯಾರ ಮುಂದ ಹೇಳ್ಲಿ? ಹೇಳಿದ್ರ, ಅಯ್ಯನವರಿಗೇ ವಿಶ್ವಾಸ ಕಡಿಮಿ ಆಗೇತಿ ಅಂತಾರ."

ಪ್ರಸಂಗವೊಂದೇ ಇವರ ಕೆಲಸವಲ್ಲ. ರೋಗಿಯ ಜೊತೆ ಬೆಳಗಾವಿಯ ಆಸ್ಪತ್ರೆ, ಹೂಳುವ ಜಾಗಕ್ಕಾಗಿ ತಹಶೀಲ್ದಾರ್ ಕಚೇರಿ, ಗಂಡ–ಹೆಂಡಿರ ರಾಜಿ, ಎಲ್ಲಕ್ಕೂ ಇವರೇ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿತು. ಮನೆ ಕಳೆದುಕೊಂಡವರು ಮೊದಲು ಬಡಿದದ್ದು ಪಾಸ್ಟರ್ ಮನೆಯ ಬಾಗಿಲನ್ನು. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಅದೇ ತಿಂಗಳ ಕೊನೆಗೆ ನಮ್ಮ ಕಡೆಯ ತುಕ್ಕಾನಟ್ಟಿಯಲ್ಲಿ ಪ್ರಾರ್ಥನೆಗೆ ಸೇರಿದ್ದ ಮನೆಯವರ ಮೇಲೆ ಹಲ್ಲೆಯಾಯಿತು. ದಣಿವಿಗೆ ಭಯವೂ ಸೇರಿತು.

ಈ ದಣಿವನ್ನು ನೋಡಿದಾಗ ಹಳೆಯ ಮಿಷನ್ನುಗಳ ನೆನಪಾಗುತ್ತದೆ. 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದರು. 1904ರಲ್ಲಿ ಅದು ಮೆಥಡಿಸ್ಟರ ಕೈಗೆ ಬಂತು. ಇದು ಗೊತ್ತಿದ್ದದ್ದೇ. ನನ್ನನ್ನು ಬಿಡದೆ ಕಾಡುವುದು ನೀಲಗಿರಿಯ ಕೇಟಿ. ಬಾಸೆಲ್ ಮಿಷನ್ನಿಗೆ 1840ರ ದಶಕದಿಂದ ಅಲ್ಲಿ ನೆಲೆಯಿತ್ತು. ಕರಾವಳಿಯ ಸೆಕೆಗೆ ಸೊರಗಿದ ಮಿಷನರಿಗಳು ಆ ತಂಪಿಗೆ ಹೋಗಿ ಚೇತರಿಸಿಕೊಳ್ಳುತ್ತಿದ್ದರು. ಸ್ವದೇಶದ ರಜೆಯೂ ಇತ್ತು. ನಮ್ಮ ಕಿಟೆಲ್ಲರನ್ನೇ ನೋಡಿ: 1877ರಲ್ಲಿ ಜರ್ಮನಿಗೆ ಹೋದವರು ಮರಳಿ ಬಂದದ್ದು 1883ರಲ್ಲಿ. ಬಂದು, ದುಡಿದು, 1894ರಲ್ಲಿ ನಿಘಂಟು ಕೊಟ್ಟರು. ಆದರೆ ಅದೇ ಬಿಸಿಲಲ್ಲಿ ಹಳ್ಳಿ ಹಳ್ಳಿ ತಿರುಗಿದ ಕನ್ನಡದ ಉಪದೇಶಿಗೆ ಯಾವ ಕೇಟಿ ಇತ್ತು? ಸುವಾರ್ತೆ ನಮ್ಮವರ ಕೈಗೆ ಬಂತು, ವಿಶ್ರಾಂತಿಯ ಏರ್ಪಾಡು ಬರಲಿಲ್ಲ. ಇದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬ ಈ ಬಗೆಯ ಬಳಲಿಕೆಯನ್ನು ಕಾಯಿಲೆ ಎನ್ನದೆ, ಕೆಲಸದಿಂದ ಹುಟ್ಟುವ ಸ್ಥಿತಿ ಎಂದಿತು. ಹಾಗಿದ್ದರೆ ಬದಲಾಗಬೇಕಾದದ್ದು ಕೆಲಸದ ರೀತಿ. ಬೆಳಗಿನಿಂದ ಸಂಜೆಯವರೆಗೆ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ್ದೂ ಹೊರೆ ಹಂಚಿಕೊಳ್ಳೆಂದೇ. ಈ ಕಥೆಯನ್ನು ಸಾರುವ ಪಾಸ್ಟರಿಗೇ ಹೊರೆ ಹಂಚಿಕೊಳ್ಳಲು ಸಭೆ ಬಿಡುವುದಿಲ್ಲ.

ಆದರೂ ಮೂಡಲಗಿ ಕಡೆಯ ತರುಣ ಪಾಸ್ಟರೊಬ್ಬರ ಸಭೆಯಲ್ಲಿ ಈಗ ಹಿರಿಯರಿಬ್ಬರು ಸೋಮವಾರದ ಫೋನು ನೋಡಿಕೊಳ್ಳುತ್ತಾರೆ. ಪಾಸ್ಟರಮ್ಮಂದಿರಿಗೆ ಮಾತ್ರ ಆ ದಿನವೂ ಬಿಡುವಿಲ್ಲ. ಮನೆಗೆ ಬಂದವರಿಗೆ ಚಹಾ ಮಾಡುತ್ತ, "ಅಯ್ಯನವರು ಇಲ್ಲರಿ" ಎಂದು ಹೇಳುವವರು ಅವರೇ. ಅವರಿಗೂ ಒಂದು ದಿನ ಬೇಕೆಂಬ ಮಾತು ಊಟದ ಹೊತ್ತಿಗೆ ಬಂತು. ಮಂಗಳವಾರ ಆಗಬಹುದೇ ಎಂದು ಅವರವರ ಮನೆಯಲ್ಲಿ ಕೇಳಿ ಬರುವುದೆಂದು ಠರಾಯಿಸಿದರು.